401 ಬಂದಾಗ ಕೀ ಬದಲಿಸುವ ಮುನ್ನ

ಹಾಸನದಲ್ಲಿ ಬಿಸಿಎ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಊರಲ್ಲೇ ಇದ್ದು ಸಾಫ್ಟ್‌ವೇರ್ ಕೆಲಸ ಮಾಡುವವರು ಸೇರಿದ್ದ ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಮ್ಯಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಇಲ್ಲಿ ಬರೆದಿದೆ.

ಎಲ್ಲರಿಗೂ ನಮಸ್ಕಾರ.

ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ದರವನ್ನು ಮೊಬೈಲಿನಲ್ಲಿ ತೋರಿಸುವ ಸಣ್ಣ ಆಪ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ದರ ಕೊಡುವ ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ, ಬೇರೆಯವರದು. ನೋಂದಾಯಿಸಿದ್ದೀರಿ, ನಿಮ್ಮ ಗುರುತಿಗೆ ಕೀ ಎಂಬ ಗುಟ್ಟಿನ ಅಕ್ಷರಮಾಲೆ ಸಿಕ್ಕಿದೆ, ಕೋಡಿಗೆ ಹಾಕಿದ್ದೀರಿ. ಓಡಿಸಿದರೆ ಸರ್ವರ್‌ನಿಂದ 401 ಎಂಬ ತಪ್ಪಿನ ಸಂಖ್ಯೆ. ಆಗ ಮೊದಲು ಹೊಳೆಯುವುದು ಹೊಸ ಕೀ ಮಾಡಿಸುವುದು. ಅದಕ್ಕೂ 401. ಮತ್ತೊಂದು ಕೀ, ಮತ್ತೆ 401. ಅಷ್ಟರಲ್ಲಿ ರದ್ದಾದ ಹಳೆಯ ಕೀ ನಂಬಿಕೊಂಡು ಓಡುತ್ತಿದ್ದ ಇನ್ನೊಂದು ಪ್ರೋಗ್ರಾಂ ಕೂಡ ನಿಂತಿರುತ್ತದೆ. ಒಂದಿದ್ದ ತೊಂದರೆ ಎರಡಾಯಿತು.

ಕೀ ತಾನಾಗಿ ತಪ್ಪಾಗಿರುವುದಕ್ಕಿಂತ ದಾರಿಯಲ್ಲಿ ಕೆಟ್ಟಿರುವುದೇ ಹೆಚ್ಚು. ನೀವು ಕಳಿಸಿದೆ ಎಂದುಕೊಂಡದ್ದು ಒಂದು, ಅಲ್ಲಿಗೆ ತಲುಪಿದ್ದು ಇನ್ನೊಂದು. ಆ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

ಉತ್ತರದಲ್ಲೇ ಇರುತ್ತದೆ

401ರ ಹೆಸರು ಅನ್‌ಆಥರೈಸ್ಡ್. ಹೆಸರು ದಾರಿ ತಪ್ಪಿಸುತ್ತದೆ. ಅದರ ನಿಜವಾದ ಅರ್ಥ, ನೀವು ಯಾರೆಂದು ಸರ್ವರ್‌ಗೆ ಖಾತ್ರಿಯಾಗಲಿಲ್ಲ ಎಂದು. 403 ಬಂದರೆ ರಿಕ್ವೆಸ್ಟ್ ಅರ್ಥವಾಗಿದೆ, ಮಾಡಿಕೊಡಲು ಒಪ್ಪುತ್ತಿಲ್ಲ: ಅನುಮತಿ ಸಾಲದು, ನಿಮ್ಮ ಐಪಿ ವಿಳಾಸ ಅವರ ಪಟ್ಟಿಯಲ್ಲಿಲ್ಲ, ಇಂಥ ಕಾರಣ. 403ಕ್ಕೆ ಅದೇ ಅನುಮತಿಯ ಹೊಸ ಕೀ ಮಾಡಿಸಿ ಏನೂ ಪ್ರಯೋಜನವಿಲ್ಲ. 407 ಬಂದರೆ ಆ ಎಪಿಐವರೆಗೆ ನೀವು ಹೋಗಿಯೇ ಇಲ್ಲ, ನಡುವಿನ ಪ್ರಾಕ್ಸಿ ಲಾಗಿನ್ ಕೇಳುತ್ತಿದೆ. ಕಾಲೇಜಿನ ನೆಟ್‌ವರ್ಕ್‌ನಲ್ಲಿ ಇದು ಸಾಮಾನ್ಯ.

ಕೆಲವು ಸೇವೆಗಳು ಇನ್ನೂ ಬೇರೆ ರೀತಿ. ಗಿಟ್‌ಹಬ್‌ನಲ್ಲಿ ನಿಮಗೆ ಅನುಮತಿ ಇಲ್ಲದ ಖಾಸಗಿ ರೆಪಾಸಿಟರಿ ಕೇಳಿದರೆ 404 ಬರುತ್ತದೆ, ಅಂಥದ್ದೊಂದು ಇದೆ ಎಂಬುದನ್ನೂ ಹೊರಗಿನವರಿಗೆ ತಿಳಿಸಬಾರದೆಂದು. ರಿಕ್ವೆಸ್ಟ್ ಮತ್ತು ಉತ್ತರಗಳ ಒಡಲಿಗಿಂತ ಮೊದಲು ಬರುವ ಮಾಹಿತಿ ಸಾಲುಗಳಿಗೆ ಹೆಡರ್ ಎನ್ನುತ್ತಾರೆ. ಅದೇ ಗಿಟ್‌ಹಬ್ ಎಪಿಐಗೆ ಯೂಸರ್-ಏಜೆಂಟ್ ಹೆಡರ್ ಇಲ್ಲದೆ ಹೋದರೆ 403. ಟೋಕನ್, ಅಂದರೆ ಕೀಯಂಥದ್ದೇ ಗುರುತಿನ ಚೀಟಿ, ಇಲ್ಲದವರಿಗೆ ಗಂಟೆಗೆ 60 ರಿಕ್ವೆಸ್ಟ್ ಮಿತಿ. ಅದು ಮುಗಿದರೂ 403 ಅಥವಾ 429. ಆದ್ದರಿಂದ ಸಂಖ್ಯೆಯೊಂದನ್ನೇ ನೋಡಿ ನಿಲ್ಲಬೇಡಿ, ಉತ್ತರದ ಹೆಡರ್ ಮತ್ತು ಒಡಲು ಎರಡನ್ನೂ ಓದಿ.

401 ಕಳಿಸುವ ಸರ್ವರ್ ಜೊತೆಗೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಅಥೆಂಟಿಕೇಟ್ ಎಂಬ ಹೆಡರ್ ಕಳಿಸಲೇಬೇಕು. ವೆಬ್‌ನ ನಿಯಮ ಬರೆದಿಟ್ಟ ದಾಖಲೆ, 2022ರ ಆರ್‌ಎಫ್‌ಸಿ 9110, ಹೀಗೆ ಹೇಳುತ್ತದೆ. ಎಲ್ಲರೂ ಪಾಲಿಸುವುದಿಲ್ಲ, ಆದರೆ ಇದ್ದರೆ ಅದು ಚಿನ್ನ. ಹೆಸರು-ಪಾಸ್‌ವರ್ಡ್ ಕಳಿಸುವ ಬೇಸಿಕ್ ಬೇಕೋ, ಟೋಕನ್ ಕಳಿಸುವ ಬೇರರ್ ಬೇಕೋ ಅದೇ ಹೇಳುತ್ತದೆ. ಬೇರರ್ ಟೋಕನ್‌ಗೆ 2012ರ ಆರ್‌ಎಫ್‌ಸಿ 6750 ಮೂರು ತಪ್ಪುಗಳನ್ನು ಹೆಸರಿಸುತ್ತದೆ: ರಿಕ್ವೆಸ್ಟಿನ ರೂಪವೇ ತಪ್ಪಿದ್ದರೆ ಇನ್‌ವ್ಯಾಲಿಡ್ ರಿಕ್ವೆಸ್ಟ್, 400, ಟೋಕನ್ ಅವಧಿ ಮುಗಿದಿದ್ದರೆ ಅಥವಾ ಕೆಟ್ಟಿದ್ದರೆ ಇನ್‌ವ್ಯಾಲಿಡ್ ಟೋಕನ್, 401, ಟೋಕನ್ ಸರಿ, ಅನುಮತಿ ಸಾಲದು ಎಂದಾದರೆ ಇನ್‌ಸಫಿಷಿಯಂಟ್ ಸ್ಕೋಪ್, 403. ಇದರಲ್ಲೇ ಒಂದು ಸೂಕ್ಷ್ಮವಿದೆ. ರಿಕ್ವೆಸ್ಟಿನಲ್ಲಿ ಗುರುತಿನ ವಿವರ ಏನೂ ಇಲ್ಲದಿದ್ದರೆ ಸರ್ವರ್ ಯಾವ ತಪ್ಪಿನ ಹೆಸರನ್ನೂ ಹೇಳಬಾರದು ಎಂದು ಅಲ್ಲಿ ಸೂಚಿಸಿದೆ. ಅಂದರೆ 401 ಬಂದು, ಆ ಹೆಡರ್‌ನಲ್ಲಿ ಬೇರರ್ ಎಂಬ ಪದ ಮಾತ್ರ ಇದ್ದು, ತಪ್ಪಿನ ಹೆಸರು ಇಲ್ಲದಿದ್ದರೆ, ನಿಮ್ಮ ಟೋಕನ್ ಅಲ್ಲಿಗೆ ಮುಟ್ಟಿಯೇ ಇಲ್ಲ ಎಂದು ಮೊದಲು ಅನುಮಾನಿಸಿ. ಈ ಒಂದು ಸಾಲು ಓದದೆ ಇಡೀ ಮಧ್ಯಾಹ್ನ ಕೀ ಬದಲಿಸುತ್ತ ಕೂರುವುದು, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ.

ನಿಮ್ಮಿಂದ ಹೊರಟದ್ದೇನು

ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್‌ಗೆ ಮೈನಸ್ ವಿ ಕೊಟ್ಟು ಓಡಿಸಿ. ಬಲಕ್ಕೆ ಮುಖ ಮಾಡಿದ ಬಾಣದ ಸಾಲುಗಳು ನೀವು ಕಳಿಸಿದ್ದು, ಎಡಕ್ಕೆ ಮುಖ ಮಾಡಿದವು ಬಂದದ್ದು. ಆಥರೈಜೇಷನ್ ಸಾಲನ್ನು ಅಕ್ಷರ ಬಿಡದೆ ಓದಿ. ಬೇರರ್ ಎಂಬ ಪದ, ಒಂದೇ ಒಂದು ಸ್ಪೇಸ್, ಆಮೇಲೆ ಟೋಕನ್. ಬೇರರ್ ಎಂಬುದು ಎರಡು ಸಲ ಬಂದಿರಬಹುದು, ಲೈಬ್ರರಿ ತಾನೇ ಸೇರಿಸುತ್ತದೆಂದು ಗೊತ್ತಿಲ್ಲದೆ ನೀವೂ ಸೇರಿಸಿರುತ್ತೀರಿ. ಬೇರರ್ ಮುಂದೆ ಅನ್‌ಡಿಫೈನ್ಡ್ ಎಂದಿದ್ದರೆ ಜಾವಾಸ್ಕ್ರಿಪ್ಟ್‌ನಲ್ಲಿ, ನನ್ ಎಂದಿದ್ದರೆ ಪೈಥಾನ್‌ನಲ್ಲಿ, ಕೀ ಇಟ್ಟಿದ್ದ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ಕೋಡ್ ಓದಿಕೊಂಡೇ ಇಲ್ಲ. ಸರ್ವರ್ ಪಾಲಿಗೆ ಅದೂ ಒಂದು ಕೆಟ್ಟ ಟೋಕನ್ ಅಷ್ಟೇ.

ಕರ್ಲ್‌ನಲ್ಲಿ ಸರಿ, ನಿಮ್ಮ ಕೋಡ್‌ನಲ್ಲಿ ತಪ್ಪು ಎಂದಾದರೆ ನಿಮ್ಮ ಕೋಡ್ ಕಳಿಸುವುದನ್ನೇ ಹಿಡಿಯಬೇಕು. ಒಂದು ಟರ್ಮಿನಲ್‌ನಲ್ಲಿ, ಬಂದದ್ದನ್ನು ಹಾಗೇ ತೋರಿಸುವ ನೆಟ್‌ಕ್ಯಾಟ್ ತೆರೆದು 8080 ಪೋರ್ಟ್‌ನಲ್ಲಿ ಕೇಳುತ್ತ ಕೂರಿಸಿ. ಕೋಡ್‌ನಲ್ಲಿ ಎಪಿಐ ವಿಳಾಸದ ಬದಲು ಲೋಕಲ್‌ಹೋಸ್ಟ್ 8080 ಹಾಕಿ ಓಡಿಸಿ. ಎಚ್‌ಟಿಟಿಪಿಎಸ್ ಅಲ್ಲ, ಬರೀ ಎಚ್‌ಟಿಟಿಪಿ. ಪ್ರೋಗ್ರಾಂ ಉತ್ತರಕ್ಕೆ ಕಾದು ಸೋಲುತ್ತದೆ, ಸೋಲಲಿ. ಅದು ಕಳಿಸಿದ ಪ್ರತಿ ಸಾಲೂ ನಿಮ್ಮ ಎದುರಿಗಿರುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯ ಒಂದು ಗುಣ ಹೀಗೆ ನೋಡದೆ ಸಿಗುವುದೇ ಕಷ್ಟ. ಹೋಮ್ ಫೋಲ್ಡರ್‌ನ ನೆಟ್‌ಆರ್‌ಸಿ ಫೈಲಿನಲ್ಲಿ ಆ ಸರ್ವರ್‌ನ ಹೆಸರಿಗೆ ಹಳೆಯ ಪಾಸ್‌ವರ್ಡ್ ಇದ್ದರೆ, ನೀವು ಕೈಯಾರೆ ಹಾಕಿದ ಆಥರೈಜೇಷನ್ ಹೆಡರ್ ತೆಗೆದು ಅದನ್ನೇ ಹಾಕುತ್ತದೆ. ಆದರೆ ಆ ಫೈಲಿನ ನಮೂದು ಸರ್ವರ್ ಹೆಸರಿಗೆ ಅಂಟಿಕೊಂಡಿರುವುದರಿಂದ ಲೋಕಲ್‌ಹೋಸ್ಟ್‌ಗೆ ತಿರುಗಿಸಿದಾಗ ಅದು ಕಾಣುವುದಿಲ್ಲ. ಹಾಗಾಗಿ ಲೋಕಲ್‌ಹೋಸ್ಟ್‌ನಲ್ಲಿ ಹೆಡರ್ ಸರಿಯಾಗಿ ಕಂಡು, ನಿಜವಾದ ವಿಳಾಸಕ್ಕೆ ಮಾತ್ರ 401 ಬಂದರೆ, ಆ ಫೈಲ್ ತೆರೆದು ನೋಡಿ.

ಕೀಯನ್ನು ಯುಆರ್‌ಎಲ್‌ನಲ್ಲೇ ಕೇಳುವ ಎಪಿಐಗಳಿವೆ. ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೇಶದ ಮಾರುಕಟ್ಟೆಗಳ ದಿನದ ದರ ಸಿಗುತ್ತದೆ. ಅಲ್ಲಿನ ಕೀ ಹೋಗುವುದು ಎಪಿಐ-ಕೀ ಎಂಬ ಪ್ಯಾರಾಮೀಟರ್‌ನಲ್ಲಿ. ಇಂಥ ಯುಆರ್‌ಎಲ್ಲನ್ನು ಟರ್ಮಿನಲ್‌ನಲ್ಲಿ ಕೊಟೇಷನ್ ಗುರುತಿಲ್ಲದೆ ಬರೆದರೆ, ಮೊದಲ ಆಂಪರ್‌ಸ್ಯಾಂಡ್ ಕಂಡ ಕೂಡಲೇ ಲಿನಕ್ಸ್ ಶೆಲ್ ಅಲ್ಲಿಗೇ ಕಮ್ಯಾಂಡ್ ಮುಗಿಯಿತೆಂದು ತಿಳಿದು ಹಿನ್ನೆಲೆಗೆ ಕಳಿಸಿಬಿಡುತ್ತದೆ. ಕೀ ಅದರ ನಂತರ ಇದ್ದರೆ ಹೋಗುವುದೇ ಇಲ್ಲ. ಯುಆರ್‌ಎಲ್‌ಗೆ ಸಿಂಗಲ್ ಕೊಟೇಷನ್ ಹಾಕಿ. ಡಬಲ್ ಹಾಕಿದರೆ ಡಾಲರ್ ಚಿಹ್ನೆಯ ಕಾಟ: ಕೀ ನಡುವೆ ಡಾಲರ್ ಮತ್ತು 9 ಅಕ್ಕಪಕ್ಕ ಬಂದಿದ್ದರೆ ಶೆಲ್ ಅದನ್ನು ವೇರಿಯಬಲ್ ಎಂದುಕೊಂಡು ಎರಡನ್ನೂ ನುಂಗುತ್ತದೆ. ಅದೇ ತಾಣದಲ್ಲಿ ರಾಜ್ಯ, ಮಾರುಕಟ್ಟೆ ಆಯಲು ಚೌಕ ಆವರಣ ಬಳಸಬೇಕು. ಕರ್ಲ್‌ಗೆ ಚೌಕ ಆವರಣದ ಅರ್ಥವೇ ಬೇರೆ, ಆದ್ದರಿಂದ ಮೈನಸ್ ಜಿ ಸೇರಿಸಿ. ಇನ್ನೊಂದು ಮಾತು, ಅಲ್ಲಿ ಎಲ್ಲರಿಗೂ ತೋರಿಸಿರುವ ಮಾದರಿ ಕೀ ಬಳಸಿದರೆ ತಪ್ಪೇನೂ ಬರುವುದಿಲ್ಲ, 200 ಎಂದೇ ಬರುತ್ತದೆ, ಆದರೆ ಒಮ್ಮೆಗೆ 10 ದಾಖಲೆ ಮಾತ್ರ. ಅರಸೀಕೆರೆ ಕಾಣುತ್ತಿಲ್ಲವಲ್ಲ ಎಂದು ಫಿಲ್ಟರ್ ತಿದ್ದುತ್ತ ಕೂರುವ ಮೊದಲು ನಿಮ್ಮದೇ ಕೀ ಹಾಕಿದ್ದೀರಾ ನೋಡಿ.

ಕಣ್ಣಿಗೆ ಕಾಣದ ಅಕ್ಷರಗಳು

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇದು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ಸಾಫ್ಟ್‌ವೇರ್ ಎಂದು ಬರೆಯುವಾಗ ವೇ ಅಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲು ನಡುವೆ ಒಂದು ಜೋಡಿಸದ ಗುರುತು ಇರುತ್ತದೆ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ, ಅಗಲ ಸೊನ್ನೆ, ಯುಟಿಎಫ್-8ರಲ್ಲಿ ಮೂರು ಬೈಟ್. ಕನ್ನಡ ವಾಕ್ಯದ ಪಕ್ಕದಲ್ಲಿದ್ದ ಕೀಯನ್ನು ಕಾಪಿ ಮಾಡುವಾಗ ಅದು ಜೊತೆಗೆ ಬಂದರೆ ಹಲವು ಎಡಿಟರ್‌ಗಳಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಕನ್ನಡದ ಸೊನ್ನೆ ೦ ಕೂಡ ಹಾಗೆಯೇ. ಇಂಗ್ಲಿಷಿನ ಸೊನ್ನೆ, ಓ ಎರಡರ ಪಕ್ಕ ಇಟ್ಟರೂ ಗುರುತು ಸಿಗದು, ಆದರೆ ಅದೂ ಮೂರು ಬೈಟ್.

ಪರೀಕ್ಷೆ ಸುಲಭ. ಕೀಯಲ್ಲಿ ಎಷ್ಟು ಅಕ್ಷರ, ಎಷ್ಟು ಬೈಟ್ ಎಂದು ಎರಡನ್ನೂ ಎಣಿಸಿ. ಪೈಥಾನ್‌ನಲ್ಲಿ ಒಮ್ಮೆ ಹಾಗೇ ಉದ್ದ ನೋಡಿ, ಒಮ್ಮೆ ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡಿ ಉದ್ದ ನೋಡಿ. ಎರಡೂ ಒಂದೇ ಇರಬೇಕು. ಬೈಟ್ ಎರಡು ಹೆಚ್ಚಿದ್ದರೆ ಇಂಥ ಒಂದು ಅಕ್ಷರ ನುಸುಳಿದೆ. ಹೆಡರ್‌ನಲ್ಲಿ ಇದು ಸೇರಿದ್ದರೆ ಪೈಥಾನ್ ಲ್ಯಾಟಿನ್-1ಕ್ಕೆ ಬದಲಿಸಲಾಗದು ಎಂದು ಅಲ್ಲೇ ನಿಲ್ಲುತ್ತದೆ. ಕರ್ಲ್ ಹಾಗಲ್ಲ, ಇದ್ದದ್ದನ್ನು ಇದ್ದಂತೆ ಕಳಿಸುತ್ತದೆ, ಅತ್ತ ಕಡೆಯಿಂದ 401 ಬರುತ್ತದೆ. ಎರಡೂ ಸಮವಿದ್ದು, ಕೊಟ್ಟ ಕೀಗಿಂತ ಒಂದು ಹೆಚ್ಚಿದ್ದರೆ ಕೊನೆಯಲ್ಲಿ ಹೊಸ ಸಾಲಿನ ಗುರುತು ಅಥವಾ ಸ್ಪೇಸ್ ಉಳಿದಿದೆ. ವಿಂಡೋಸ್‌ನಲ್ಲಿ ಉಳಿಸಿದ ಫೈಲನ್ನು ಲಿನಕ್ಸ್ ಸರ್ವರ್‌ಗೆ ಹಾಕಿದಾಗಲೂ ಸಾಲಿನ ಕೊನೆಗೆ ಒಂದು ಗುಪ್ತ ಅಕ್ಷರ ಉಳಿಯುತ್ತದೆ.

ಬೇಸಿಕ್ ವಿಧಾನದಲ್ಲಿ ಇದೇ ಕಥೆ ಇನ್ನೊಂದು ವೇಷದಲ್ಲಿ. ಬಳಕೆದಾರ ಹೆಸರು, ಕೋಲನ್, ಪಾಸ್‌ವರ್ಡ್ ಸೇರಿಸಿ ಬೇಸ್64 ಮಾಡಬೇಕು, ಅಂದರೆ ಬೈಟ್‌ಗಳನ್ನು ಸಾದಾ ಇಂಗ್ಲಿಷ್ ಅಕ್ಷರಗಳಾಗಿ ಬದಲಿಸಿ ಬರೆಯಬೇಕು. ಟರ್ಮಿನಲ್‌ನಲ್ಲಿ ಎಕೋ ಬಳಸಿದರೆ ಅದು ಕೊನೆಗೆ ಹೊಸ ಸಾಲು ಸೇರಿಸುತ್ತದೆ, ಅದೂ ಪಾಸ್‌ವರ್ಡಿನ ಭಾಗವಾಗುತ್ತದೆ. ಬಂದ ಬೇಸ್64 ಕೊನೆಯಲ್ಲಿ ದೊಡ್ಡ ಸಿ, ಸಣ್ಣ ಜಿ, ಎರಡು ಸಮ ಚಿಹ್ನೆ ಇದ್ದರೆ ಇದೇ ಆಗಿದೆ. ಸಣ್ಣ ಓ ಮತ್ತು ಒಂದು ಸಮ ಚಿಹ್ನೆ ಇದ್ದರೆ, ಅಥವಾ ದೊಡ್ಡ ಕೆಯಲ್ಲಿ ಮುಗಿದರೆ, ಅಲ್ಲೂ ಇದೇ ಅನುಮಾನ. ಎಕೋ ಬಿಟ್ಟು ಪ್ರಿಂಟ್‌ಎಫ್ ಬಳಸಿ. ಪಾಸ್‌ವರ್ಡ್ ಉದ್ದವಿದ್ದರೆ ಲಿನಕ್ಸ್‌ನ ಬೇಸ್64 ಕಮ್ಯಾಂಡ್ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ. ಮೈನಸ್ ಡಬ್ಲ್ಯೂ 0 ಕೊಡಿ.

ದಾರಿಯಲ್ಲಿ ಉದುರಿದವು

ನಿಮ್ಮಿಂದ ಸರಿಯಾಗಿ ಹೊರಟಿತು, ಆದರೂ 401. ಮೊದಲ ಶಂಕೆ ರೀಡೈರೆಕ್ಟ್ ಮೇಲೆ. ನೀವು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ವಿಳಾಸಕ್ಕೆ ಕಳಿಸಿದಿರಿ, ಸರ್ವರ್ ಅದು ಇರುವ ವಿಳಾಸಕ್ಕೆ ತಿರುಗಿಸಿತು. ಕರ್ಲ್ ಆಗಲಿ, ರಿಕ್ವೆಸ್ಟ್ಸ್ ಆಗಲಿ, ಹೋಸ್ಟ್ ಬದಲಾದರೆ ಆಥರೈಜೇಷನ್ ಹೆಡರ್ ಕಿತ್ತುಹಾಕುತ್ತವೆ. ನಿಮ್ಮ ಗುಟ್ಟು ಬೇರೆಯವರ ಕೈಗೆ ಹೋಗದಿರಲೆಂದೇ ಹಾಗೆ ಮಾಡಿರುವುದು, ಅದನ್ನು ಮೀರುವ ದಾರಿ ಹುಡುಕಬೇಡಿ. ಕೊನೆಗೆ ತಲುಪುವ ವಿಳಾಸವನ್ನೇ ಮೊದಲು ಬರೆಯಿರಿ.

ನಿಮ್ಮದೇ ಎಪಿಐ ನಡೆಸುವವರಿಗೆ ಮೂರು ಮಾತು. ನಿಮ್ಮ ಪ್ರೋಗ್ರಾಂ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ, ಹೆಸರಿನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೆಸರಿಗೆ ಹೈಫನ್ ಬಳಸಿ. ಅಪಾಚಿ ವೆಬ್ ಸರ್ವರ್ ಹಿಂದೆ ಸಿಜಿಐ ಅಥವಾ ಫಾಸ್ಟ್‌ಸಿಜಿಐ ಮೂಲಕ ಪಿಎಚ್‌ಪಿ ಓಡುತ್ತಿದ್ದರೆ ಆಥರೈಜೇಷನ್ ಹೆಡರ್ ಒಳಗೆ ದಾಟದಿರಬಹುದು. ಸಿಜಿಐಪಾಸ್‌ಆಥ್ ಆನ್ ಎಂಬ ಸಾಲು ಬೇಕು, ಅಪಾಚಿ 2.4.13ರಿಂದ ಅದು ಇದೆ. ಬ್ರೌಸರ್‌ನಿಂದ ಬೇರೆ ಡೊಮೈನ್‌ಗೆ ಆಥರೈಜೇಷನ್ ಹೆಡರ್ ಕಳಿಸುವಾಗ ಮೊದಲು ಹೋಗುವುದು ಆಪ್ಷನ್ಸ್ ರಿಕ್ವೆಸ್ಟ್, ಅದರಲ್ಲಿ ಟೋಕನ್ ಇರುವುದಿಲ್ಲ. ಅದಕ್ಕೂ ನಿಮ್ಮ ಸರ್ವರ್ ಟೋಕನ್ ಕೇಳಿ 401 ಕೊಟ್ಟರೆ ನಿಜವಾದ ರಿಕ್ವೆಸ್ಟ್ ಹೊರಡುವುದೇ ಇಲ್ಲ. ಎಪಿಐ ಪರೀಕ್ಷಿಸುವ ಪೋಸ್ಟ್‌ಮ್ಯಾನ್‌ನಲ್ಲಿ ನಡೆದು ಬ್ರೌಸರ್‌ನಲ್ಲಿ ನಡೆಯದಿದ್ದರೆ ಇಲ್ಲಿ ನೋಡಿ.

ಐದೂವರೆ ಗಂಟೆ

ಸಮಯದ ತಪ್ಪಿಗೆ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇದು ಒಂದು ಕಂಪ್ಯೂಟರಿನಲ್ಲಿ ನಡೆದು ಇನ್ನೊಂದರಲ್ಲಿ ನಡೆಯುವುದಿಲ್ಲ.

ಒಳಗೇ ವಿವರ ಬರೆದು ಸಹಿ ಹಾಕಿದ ಜೆಡಬ್ಲ್ಯೂಟಿ ಟೋಕನ್‌ನಲ್ಲಿ ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗ. ನಡುವಿನದನ್ನು ನಿಮ್ಮ ಕಂಪ್ಯೂಟರಿನಲ್ಲೇ ಬೇಸ್64 ಬಿಡಿಸಿ ಓದಿ, ಚಾಲ್ತಿಯಲ್ಲಿರುವ ಟೋಕನ್ನನ್ನು ಯಾವುದೋ ಜಾಲತಾಣಕ್ಕೆ ಅಂಟಿಸಬೇಡಿ. ಅದರಲ್ಲಿ ಇಎಕ್ಸ್‌ಪಿ ಎಂದರೆ ಮುಗಿಯುವ ಹೊತ್ತು, ಎನ್‌ಬಿಎಫ್ ಎಂದರೆ ಚಲಾವಣೆ ಶುರುವಾಗುವ ಹೊತ್ತು, ಎಯುಡಿ ಎಂದರೆ ಯಾರಿಗಾಗಿ ಕೊಟ್ಟ ಟೋಕನ್. ಹೊತ್ತನ್ನು 1970ರ ಜನವರಿ 1ರಿಂದ ಸೆಕೆಂಡಿನಲ್ಲಿ ಎಣಿಸುತ್ತಾರೆ, ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಈಗ ಅದು 10 ಅಂಕಿಯ ಸಂಖ್ಯೆ. 13 ಅಂಕಿ ಕಂಡರೆ ಯಾರೋ ಜಾವಾಸ್ಕ್ರಿಪ್ಟ್‌ನ ಮಿಲಿಸೆಕೆಂಡನ್ನು ಹಾಗೇ ಹಾಕಿದ್ದಾರೆ, 1000ದಿಂದ ಭಾಗಿಸಿಲ್ಲ.

ಪೈಥಾನ್‌ನಲ್ಲಿ ಯುಟಿಸಿನೌ ಎಂಬ ಕರೆ ಇದೆ. ಅದು ಯುಟಿಸಿ ಸಮಯ ಕೊಡುತ್ತದೆ, ಆದರೆ ಇದು ಯುಟಿಸಿ ಎಂಬ ಗುರುತು ಹಚ್ಚುವುದಿಲ್ಲ. ಅದರ ಮೇಲೆ ಟೈಮ್‌ಸ್ಟ್ಯಾಂಪ್ ಕೇಳಿದರೆ ಪೈಥಾನ್ ಅದನ್ನು ಸ್ಥಳೀಯ ಸಮಯ ಎಂದುಕೊಂಡು ಮತ್ತೊಮ್ಮೆ ಐದೂವರೆ ಗಂಟೆ ಕಳೆಯುತ್ತದೆ. 19,800 ಸೆಕೆಂಡ್ ಹಿಂದೆ. ಈಗಿಂದ ಒಂದು ಗಂಟೆ ಎಂದು ನೀವು 3600 ಸೇರಿಸಿದ ಟೋಕನ್, ಹುಟ್ಟುವಾಗಲೇ ಸತ್ತು ನಾಲ್ಕೂವರೆ ಗಂಟೆಯಾಗಿರುತ್ತದೆ. ಯುಟಿಸಿಗೆ ಇಟ್ಟ ಕ್ಲೌಡ್ ಸರ್ವರ್‌ನಲ್ಲಿ ಅದೇ ಕೋಡ್ ಸರಿಯಾಗಿ ನಡೆಯುತ್ತದೆ, ಅಲ್ಲಿ ಕಳೆಯುವುದು ಸೊನ್ನೆ. ಹಾಸನದ ಲ್ಯಾಪ್‌ಟಾಪ್‌ನಲ್ಲಿ ಮಾತ್ರ 401. ಪೈಥಾನ್ 3.12ರಿಂದ ಆ ಕರೆಯನ್ನು ಬಳಸಬೇಡಿ ಎಂದೇ ಸೂಚಿಸುತ್ತಾರೆ. ನೇರವಾಗಿ ಟೈಮ್ ಡಾಟ್ ಟೈಮ್ ಬಳಸಿ. ನಿಮ್ಮ ಕೋಡ್ ಲೆಕ್ಕ ಹಾಕಿದ ಯುಟಿಸಿ ಸೆಕೆಂಡಿಗೂ ಸರ್ವರ್ ಉತ್ತರದ ಡೇಟ್ ಹೆಡರ್‌ಗೂ ಇರುವ ಅಂತರ 19,800ರ ಆಸುಪಾಸು ಬಂದರೆ ಬೇರೆಲ್ಲೂ ಹುಡುಕಬೇಡಿ.

ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಮಳೆ ಅಳೆದು ಕಳಿಸುವ, ಇಎಸ್‌ಪಿ32 ಎಂಬ ವೈಫೈ ಚಿಪ್ ಇರುವ ಪೆಟ್ಟಿಗೆ ಇಟ್ಟರೆ ಅದಕ್ಕೂ ಇದೇ ರೋಗ. ಕರೆಂಟ್ ಹೋಗಿ ಬಂದಾಗ ಅದರ ಗಡಿಯಾರ 1970ರಿಂದ ಶುರು. ಸರ್ವರ್‌ನ ಪ್ರಮಾಣಪತ್ರದ ದಿನಾಂಕ ಪರೀಕ್ಷಿಸುವ ಕೋಡ್ ಆದರೆ ಅದರ ಅವಧಿ ಇನ್ನೂ ಶುರುವಾಗಿಲ್ಲ ಎಂದು ಅಲ್ಲೇ ನಿಲ್ಲುತ್ತದೆ. ಪರೀಕ್ಷಿಸದಿದ್ದರೆ ಸಮಯ ಸೇರಿಸಿ ಮಾಡಿದ ಸಹಿಯನ್ನು ಸರ್ವರ್ ತಿರಸ್ಕರಿಸುತ್ತದೆ. ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ ಎಸ್3 ಒಪ್ಪುವ ಅಂತರ 15 ನಿಮಿಷ. ನೆಟ್‌ವರ್ಕ್ ಮೂಲಕ ಸಮಯ ತಿಳಿಸುವ ಎನ್‌ಟಿಪಿಯಿಂದ ಸಮಯ ಬಂದು, ವರ್ಷ 2024 ದಾಟಿದೆ ಎಂದು ಖಚಿತವಾಗುವವರೆಗೆ ಮೊದಲ ರಿಕ್ವೆಸ್ಟ್ ಕಳಿಸದಂತೆ ಕೋಡ್ ಬರೆಯಿರಿ. ಎನ್‌ಟಿಪಿಗೆ ಬೇಕಾದ ಯುಡಿಪಿ 123 ಪೋರ್ಟ್ ಆ ನೆಟ್‌ವರ್ಕ್‌ನಲ್ಲಿ ತೆರೆದಿದೆಯೇ ನೋಡಿಕೊಳ್ಳಿ.

ಕರೆಂಟ್ ಹೋಗಿ ಬಂದಾಗ ಇನ್ನೊಂದೂ ಆಗುತ್ತದೆ. ರೂಟರ್ ಹೊಸದಾಗಿ ಜೋಡಿಸಿಕೊಂಡು ಬೇರೆ ಐಪಿ ಪಡೆಯಬಹುದು. ಐಪಿ ಪಟ್ಟಿ ಇಟ್ಟುಕೊಂಡ ಎಪಿಐಗಳು ಆಗ 403 ಕೊಡುತ್ತವೆ. ಪಟ್ಟಿಯಲ್ಲಿ ಐಪಿವಿ4 ಮಾತ್ರ ಇದ್ದು ನೀವು ಐಪಿವಿ6ರಲ್ಲಿ ಹೋಗುತ್ತಿದ್ದರೂ ಹಾಗೆಯೇ. ಕರ್ಲ್‌ಗೆ ಮೈನಸ್ 4 ಕೊಟ್ಟು ಒಮ್ಮೆ ಪರೀಕ್ಷಿಸಿ.

ಹಾಸನ ಎಂಬ ಪದ ಎಷ್ಟು ಬೈಟ್

ಕೆಲವು ಎಪಿಐಗಳಲ್ಲಿ ಕೀಯನ್ನೇ ಕಳಿಸುವುದಿಲ್ಲ. ರಿಕ್ವೆಸ್ಟಿನ ಒಡಲಿಗೂ ಗುಟ್ಟಿನ ಕೀಗೂ ಎಚ್‌ಮ್ಯಾಕ್ ಲೆಕ್ಕ ಹಾಕಿ ಸಹಿ ಕಳಿಸುತ್ತೀರಿ. ಅವರೂ ಅದೇ ಲೆಕ್ಕ ಹಾಕಿ ಹೋಲಿಸುತ್ತಾರೆ. ಇಲ್ಲಿ ಇಂಗ್ಲಿಷ್ ಹೆಸರಿದ್ದಾಗ ನಡೆದು ಕನ್ನಡ ಬಂದ ಕೂಡಲೇ ಮುರಿಯುವ ಒಂದು ತಪ್ಪಿದೆ.

ಊರು ಎಂಬಲ್ಲಿ ಹಾಸನ ಎಂದು ಹಾಕಿದಿರಿ. ಹ, ಆ ಕಾರದ ಗುರುತು, ಸ, ನ: ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಒಂದಕ್ಕೆ ಮೂರರಂತೆ 12 ಬೈಟ್. ವಿವರವನ್ನು ಜೆಸನ್ ಎಂಬ ಪಠ್ಯ ರೂಪಕ್ಕೆ ತರುವ ಪೈಥಾನ್‌ನ ಜೆಸನ್ ಡಂಪ್ಸ್, ಸುಮ್ಮನೆ ಬಿಟ್ಟರೆ, ಕನ್ನಡವನ್ನು ಹಾಗೇ ಬರೆಯುವುದಿಲ್ಲ. ಪ್ರತಿ ಸಂಕೇತವನ್ನೂ ಹಿಂಬದಿ ಓರೆಗೆರೆ, ಯು, ನಾಲ್ಕು ಅಂಕಿ ಎಂದು ಬರೆಯುತ್ತದೆ; ಆರರಂತೆ 24 ಬೈಟ್. ಅದೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗಿಫೈ ಕನ್ನಡವನ್ನೇ ಇಡುತ್ತದೆ. ಸಾಲದ್ದಕ್ಕೆ ಪೈಥಾನ್ ಅಲ್ಪವಿರಾಮ ಮತ್ತು ಕೋಲನ್ ಆದಮೇಲೆ ಒಂದು ಸ್ಪೇಸ್ ಬಿಡುತ್ತದೆ, ಜಾವಾಸ್ಕ್ರಿಪ್ಟ್ ಬಿಡುವುದಿಲ್ಲ. ಜೆಸನ್ ಆಗಿ ಎರಡೂ ಒಂದೇ ಅರ್ಥ. ಎಚ್‌ಮ್ಯಾಕ್‌ಗೆ ಒಂದು ಬೈಟ್ ವ್ಯತ್ಯಾಸವಾದರೂ ಸಹಿ ಪೂರ್ತಿ ಬೇರೆ. ಹೊಳೆನರಸೀಪುರ ಎಂದಿದ್ದರೆ ಇನ್ನೂ ಸೂಕ್ಷ್ಮ: ಸೀ ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಲು ಬರುತ್ತದೆ. ಪರದೆಯ ಮೇಲೆ ಎರಡೂ ಒಂದೇ.

ಪರಿಹಾರ ಒಂದೇ. ಒಡಲನ್ನು ಒಂದೇ ಸಲ ಬೈಟ್‌ಗಳಾಗಿ ಮಾಡಿ, ಆ ಬೈಟ್‌ಗಳಿಗೆ ಸಹಿ ಹಾಕಿ, ಅವನ್ನೇ ಕಳಿಸಿ. ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಜೆಸನ್ ಎಂಬ ಆಯ್ಕೆಗೆ ಕೊಡಬೇಡಿ, ಅದು ಮತ್ತೊಮ್ಮೆ ತನ್ನಂತೆ ಬರೆಯುತ್ತದೆ. ಡೇಟಾ ಎಂಬುದಕ್ಕೆ ಕೊಡಿ. ಕಂಟೆಂಟ್-ಟೈಪ್ ಹೆಡರ್ ಆಗ ನೀವೇ ಹಾಕಬೇಕು. ಸಹಿ ಪರೀಕ್ಷಿಸುವ ಕಡೆ ನೀವಿದ್ದರೆ, ಉದಾಹರಣೆಗೆ ಪಾವತಿ ಸೇವೆಯಾದ ರೇಜರ್‌ಪೇ ತಾನಾಗಿ ಕಳಿಸುವ ಸೂಚನೆ, ಅಂದರೆ ವೆಬ್‌ಹುಕ್, ಪಡೆಯುವಾಗ, ಬಂದ ಒಡಲನ್ನು ಬಿಡಿಸುವ ಮೊದಲೇ ಕಚ್ಚಾ ರೂಪದಲ್ಲಿ ಲೆಕ್ಕ ಹಾಕಿ.

ಬಳಕೆದಾರರ ಒಪ್ಪಿಗೆ ಪಡೆದು ಟೋಕನ್ ಕೊಡುವ ಓಆಥ್ ಪದ್ಧತಿಯ ಬಗ್ಗೆ ಕೆಲವು ಮಾತು. ಟೋಕನ್ ಕೇಳುವ ವಿಳಾಸಕ್ಕೆ ವಿವರ ಹೋಗಬೇಕಾದದ್ದು ಫಾರ್ಮ್ ರೂಪದಲ್ಲಿ, ಜೆಸನ್‌ನಲ್ಲಲ್ಲ. ರೀಡೈರೆಕ್ಟ್ ವಿಳಾಸ ನೋಂದಾಯಿಸಿದ್ದಕ್ಕೆ ಅಕ್ಷರಶಃ ಹೊಂದಬೇಕು, ಕೊನೆಯ ಓರೆಗೆರೆ ಹೆಚ್ಚಾದರೂ ತಪ್ಪೇ. ಗೂಗಲ್‌ನಲ್ಲಿ ನಿಮ್ಮ ಆಪ್ ಇನ್ನೂ ಟೆಸ್ಟಿಂಗ್ ಸ್ಥಿತಿಯಲ್ಲಿದ್ದರೆ ಹೊಸ ಟೋಕನ್ ತರಲು ಬಳಸುವ ರಿಫ್ರೆಶ್ ಟೋಕನ್ ಸಾಮಾನ್ಯವಾಗಿ 7 ದಿನಕ್ಕೆ ಸಾಯುತ್ತದೆ. ವಾರಕ್ಕೊಮ್ಮೆ ಇನ್‌ವ್ಯಾಲಿಡ್ ಗ್ರಾಂಟ್ ಬರುತ್ತಿದ್ದರೆ ಕಾರಣ ಅದೇ ಇರಬಹುದು. ಪ್ರತಿ ಸಲ ಹೊಸ ರಿಫ್ರೆಶ್ ಟೋಕನ್ ಕೊಟ್ಟು ಹಳೆಯದನ್ನು ರದ್ದು ಮಾಡುವ ಸೇವೆಗಳಲ್ಲಿ, ನಿಮ್ಮ ಎರಡು ಪ್ರೋಗ್ರಾಂಗಳು ಒಂದೇ ಕ್ಷಣಕ್ಕೆ ಹೊಸದು ಕೇಳಿದರೆ ಒಂದಕ್ಕೆ ಸಿಗುತ್ತದೆ, ಇನ್ನೊಂದರ ಕೈಯಲ್ಲಿ ಸತ್ತ ಟೋಕನ್ ಉಳಿಯುತ್ತದೆ. ಟೋಕನ್ ತರುವ ಕೆಲಸ ಒಬ್ಬರಿಗೇ ವಹಿಸಿ.

ಇಷ್ಟೆಲ್ಲ ನೋಡಿದ ಮೇಲೂ ಬಗೆಹರಿಯದಿದ್ದರೆ ಎಪಿಐ ನಡೆಸುವವರಿಗೆ ಬರೆಯಿರಿ. ಕೆಲಸ ಮಾಡುತ್ತಿಲ್ಲ ಎಂದಷ್ಟೇ ಬರೆದರೆ ಅವರಿಗೂ ದಾರಿ ತೋಚದು. ಯಾವ ವಿಳಾಸ, ಯಾವ ವಿಧಾನ, ಯುಟಿಸಿಯಲ್ಲಿ ಸೆಕೆಂಡ್ ಸಮೇತ ಎಷ್ಟು ಹೊತ್ತು, ಬಂದ ಸಂಖ್ಯೆ, ಉತ್ತರದ ಒಡಲು, ಉತ್ತರದಲ್ಲಿ ರಿಕ್ವೆಸ್ಟ್ ಐಡಿ ಇದ್ದರೆ ಅದು; ಅವರ ಲಾಗ್‌ನಲ್ಲಿ ಹುಡುಕಲು ಇವು ಬೇಕು. ಕೀಯ ಕೊನೆಯ ನಾಲ್ಕು ಅಕ್ಷರ ಸಾಕು. ಕರ್ಲ್‌ನ ಮೈನಸ್ ವಿ ಉತ್ತರವನ್ನು ಅಂಟಿಸುವಾಗ ಆಥರೈಜೇಷನ್ ಸಾಲನ್ನು ಅಳಿಸಿ. ಅಳಿಸಲು ಮರೆತು ಕಳಿಸಿಬಿಟ್ಟಿದ್ದರೆ, ಅಥವಾ ಕೀ ಇರುವ ಫೈಲು ಗಿಟ್‌ಗೆ ಸೇರಿಹೋಗಿದ್ದರೆ, ಆಮೇಲೆ ಫೈಲ್ ತೆಗೆದರೂ ಹಳೆಯ ಕಮಿಟ್‌ನಲ್ಲಿ ಕೀ ಉಳಿದೇ ಇರುತ್ತದೆ. ಹೊಸ ಕೀ ಮಾಡಿಸಬೇಕಾದದ್ದು ಆಗ. ಹೊಸದನ್ನು ಎಲ್ಲ ಪ್ರೋಗ್ರಾಂಗಳಿಗೂ ಹಾಕಿ, ಅದೇ ದಿನ ಹಳೆಯದನ್ನು ರದ್ದು ಮಾಡಿ.